‘ಇಂದ’ ವಿಳಾಸ ಯಾರದು?

ಇಮೇಲ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೇಗೆ ಸಾಗಬೇಕೆಂಬ ನಿಯಮಾವಳಿಯನ್ನು ಅಮೆರಿಕದ ಜಾನ್ ಪೋಸ್ಟೆಲ್ ಪ್ರಕಟಿಸಿದ್ದು 1982ರ ಆಗಸ್ಟ್‌ನಲ್ಲಿ. ಎಸ್‌ಎಂಟಿಪಿ ಎಂಬ ಅದರ ಬುನಾದಿಯ ಮೇಲೇ ಇವತ್ತಿನ ಮೇಲ್‌ಗಳೂ ಓಡಾಡುತ್ತಿವೆ. ಕಳುಹಿಸಿದವರು ನಿಜಕ್ಕೂ ಅವರೇನಾ ಎಂದು ನೋಡುವ ಏರ್ಪಾಡು ಮಾತ್ರ ಅದರಲ್ಲಿರಲಿಲ್ಲ. ಅಂಚೆ ಕವರಿನ ಮೂಲೆಯಲ್ಲಿ ‘ಇಂದ’ ಎಂದು ಬರೆದು ಯಾರ ಹೆಸರು ಹಾಕಿದರೂ ಪೋಸ್ಟ್‌ಮ್ಯಾನ್ ತಂದುಕೊಡುತ್ತಾನಲ್ಲ, ಹಾಗೆ. ಆಗ ನೆಟ್‌ವರ್ಕ್ ಬಳಸುತ್ತಿದ್ದವರು ಬಹುತೇಕ ವಿಶ್ವವಿದ್ಯಾಲಯ, ಸಂಶೋಧನಾಲಯದವರು. ಪರಸ್ಪರ ಅನುಮಾನ ಪಡುವ ಪ್ರಮೇಯ ಬಂದಿರಲಿಲ್ಲ.

ಮೋಸ ಶುರುವಾದದ್ದು ಇಂಟರ್‌ನೆಟ್ ಮನೆಗಳಿಗೆ ಬಂದ ಮೇಲೆ. 1990ರ ದಶಕದ ನಡುವೆ ‘ಅಮೆರಿಕ ಆನ್‌ಲೈನ್’ ಎಂಬ ಇಂಟರ್‌ನೆಟ್ ಕಂಪನಿ ಗಂಟೆ ಲೆಕ್ಕದಲ್ಲಿ ದುಡ್ಡು ಕೇಳುತ್ತಿತ್ತು. ಬಿಟ್ಟಿ ಸಂಪರ್ಕದ ಆಸೆಗೆ ಕೆಲವು ಹುಡುಗರು ಕಂಪನಿಯ ಸಿಬ್ಬಂದಿಯಂತೆ ಸಂದೇಶ ಕಳುಹಿಸಿ ಪಾಸ್‌ವರ್ಡ್ ಕಸಿದರು. ಕಂಪನಿಯವರು ಪಾಸ್‌ವರ್ಡ್ ಕೇಳುವುದಿಲ್ಲ ಎಂಬ ಎಚ್ಚರಿಕೆ ಆಗಲೇ ಹುಟ್ಟಿತು.

ನಮ್ಮಲ್ಲಿ ಇದು ಕೋರ್ಟಿನ ಕಣ್ಣಿಗೆ ಬಿದ್ದದ್ದು 2005ರಲ್ಲಿ. ಉದ್ಯೋಗ ಕೊಡಿಸುವ ಸಂಸ್ಥೆಯೊಂದು ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ನಾಸ್ಕಾಂ ಹೆಸರಿನಲ್ಲಿ ಮೇಲ್ ಕಳುಹಿಸಿ ಜನರ ವಿವರ ಕಲೆಹಾಕುತ್ತಿತ್ತು. ಇದಕ್ಕೆಂದೇ ಕಾಯ್ದೆ ಇಲ್ಲದಿದ್ದರೂ ಇದು ಅಕ್ರಮವೇ ಎಂದಿತು ದೆಹಲಿ ಹೈಕೋರ್ಟ್. ಪ್ರಕರಣ 16 ಲಕ್ಷ ರೂಪಾಯಿ ಪರಿಹಾರದ ರಾಜಿಯಲ್ಲಿ ಮುಗಿಯಿತು. ಕಂಪ್ಯೂಟರ್ ಬಳಸಿ ಬೇರೆಯವರಂತೆ ನಟಿಸಿ ವಂಚಿಸುವುದಕ್ಕೆ ಶಿಕ್ಷೆ ವಿಧಿಸುವ 66ಡಿ ಸೆಕ್ಷನ್ ಐಟಿ ಕಾಯ್ದೆಗೆ ಸೇರಿದ್ದು 2008ರ ತಿದ್ದುಪಡಿಯಲ್ಲಿ.

ಓದು ಬಲ್ಲವರು ಮೋಸಹೋಗುವುದಿಲ್ಲ ಎನ್ನುವವರು 2016ರ ಮಾರ್ಚ್ 19ನ್ನು ನೋಡಬೇಕು. ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಹಿಲರಿ ಕ್ಲಿಂಟನ್ ಪ್ರಚಾರದ ಅಧ್ಯಕ್ಷ ಜಾನ್ ಪೊಡೆಸ್ಟಾಗೆ ಗೂಗಲ್ ಹೆಸರಿನ ಮೇಲ್ ಬಂತು: ಉಕ್ರೇನಿನಿಂದ ಯಾರೋ ನಿಮ್ಮ ಪಾಸ್‌ವರ್ಡ್ ಬಳಸಿದ್ದಾರೆ, ಕೂಡಲೇ ಬದಲಿಸಿ. ಕೆಳಗೊಂದು ನೀಲಿ ಬಟನ್. ಅವರ ಕಚೇರಿಯವರು ಸುಮ್ಮನೆ ಒತ್ತಲಿಲ್ಲ, ಕಂಪ್ಯೂಟರ್ ಸಹಾಯಕನನ್ನು ಕೇಳಿದರು. ಅವನು ‘ಇದು ಅಸಲಿ ಮೇಲ್’ ಎಂದು ಉತ್ತರಿಸಿದ. ನಕಲಿ ಎಂದು ಬರೆಯಹೋಗಿ ಅಕ್ಷರ ತಪ್ಪಿತು ಎಂದು ಆಮೇಲೆ ಹೇಳಿಕೊಂಡ. ಗೂಗಲ್‌ನ ನಿಜವಾದ ಲಿಂಕನ್ನೂ ಅವನು ಅದೇ ಉತ್ತರದಲ್ಲಿ ಕೊಟ್ಟಿದ್ದ. ಒತ್ತಿದ್ದು ಮಾತ್ರ ಹಳೆಯ ಮೇಲ್‌ನ ಬಟನ್ನನ್ನೇ! ಚುನಾವಣೆಗೆ ತಿಂಗಳಿರುವಾಗ ಪೊಡೆಸ್ಟಾರ ಸಾವಿರಾರು ಮೇಲ್‌ಗಳು ಬಯಲಿಗೆ ಬಿದ್ದವು.

ಎಸ್‌ಎಂಟಿಪಿಯ ಹಳೆಯ ದೋಷಕ್ಕೆ ತೇಪೆ ಹಾಕುವ ಕೆಲಸವೂ ನಡೆದಿದೆ. ವಿಳಾಸ ಪರೀಕ್ಷಿಸುವ ಡಿಮಾರ್ಕ್ ವ್ಯವಸ್ಥೆ 2012ರಲ್ಲಿ ಬಂತು. ರಾಶಿಗಟ್ಟಲೆ ಮೇಲ್ ಕಳುಹಿಸುವವರಿಗೆ ಜಿಮೇಲ್ ಅದನ್ನು ಕಡ್ಡಾಯ ಮಾಡಿದ್ದು 2024ರಲ್ಲಿ. ಆದರೆ ಅದು ನೋಡುವುದು ವಿಳಾಸವನ್ನು, ಉದ್ದೇಶವನ್ನಲ್ಲ. ವಂಚಕ ತನ್ನದೇ ಡೊಮೈನ್ ಕೊಂಡು ಬಂದರೆ ಸಲೀಸಾಗಿ ಪಾಸಾಗುತ್ತಾನೆ. ತಪ್ಪು ಇಂಗ್ಲಿಷ್ ನೋಡಿ ಕಳ್ಳನನ್ನು ಹಿಡಿಯುವ ಕಾಲವೂ ಹೋಯಿತು. ಎಐ ಈಗ ಚೊಕ್ಕ ಕನ್ನಡದಲ್ಲೂ ಬರೆದುಕೊಡುತ್ತದೆ.

ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗೆಂದೇ ‘ಬ್ಯಾಂಕ್ ಡಾಟ್ ಇನ್’ ವಿಳಾಸ ತಂದಿತು. ಅಲ್ಲೂ ನೋಡಬೇಕಾದದ್ದು ಕೊನೆಯನ್ನು. ‘https://’ ಬಿಟ್ಟು ಮುಂದೆ ಬರುವ ಮೊದಲ ಓರೆಗೆರೆಗೆ ಮುಂಚೆ ‘ಬ್ಯಾಂಕ್ ಡಾಟ್ ಇನ್’ ಎಂದೇ ಮುಗಿದಿರಬೇಕು. ಅದರ ನಂತರ ಇನ್ನೇನೋ ಡಾಟ್ ಕಾಮ್ ಅಂಟಿಕೊಂಡಿದ್ದರೆ ಅದು ಬ್ಯಾಂಕಿನದಲ್ಲ.

ಈ ನಡುವೆ ವಂಚನೆ ವಾಟ್ಸ್‌ಆ್ಯಪ್‌ಗೂ ಹಬ್ಬಿದೆ. ಆರ್‌ಟಿಒ ಚಲನ್, ಮದುವೆ ಕರೆಯೋಲೆ ಎಂದು ಎಪಿಕೆ (ಆ್ಯಂಡ್ರಾಯ್ಡ್ ಆ್ಯಪ್) ಫೈಲ್ ಬರುತ್ತದೆ. ಇನ್‌ಸ್ಟಾಲ್ ಮಾಡಿ ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಒಟಿಪಿ ವಂಚಕರ ಕೈಗೆ. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ಅದು ಖಾತೆಯಿಂದ ಖಾತೆಗೆ ಜಿಗಿಯುವ ಮೊದಲೇ ತಡೆಹಿಡಿಯಲು ಸಾಧ್ಯವಿದೆ.