ಅಡವಿಗೆ ಬಿದ್ದ ಕೋಟೆ

ಅಡವಿಟ್ಟ ಒಡವೆಯನ್ನು ಬಿಡಿಸಿಕೊಳ್ಳುವ ಸಂಕಟವನ್ನು ಗೃಹಸ್ಥರೆಲ್ಲರೂ ಬಲ್ಲರು. ಒಂದು ರಾಷ್ಟ್ರವೇ ತನ್ನ ಕೋಟೆಯನ್ನು ಹೀಗೆ ಬಿಡಿಸಿಕೊಂಡ ಸಂಗತಿ ಸ್ವೀಡನ್ನಿನ ಇತಿಹಾಸದಲ್ಲಿದೆ.

1611ರಲ್ಲಿ ಡೆನ್ಮಾರ್ಕಿನ ದೊರೆ ನಾಲ್ಕನೆಯ ಕ್ರಿಶ್ಚಿಯನ್ ಸ್ವೀಡನ್ನಿನ ಮೇಲೆ ಯುದ್ಧ ಸಾರಿದನು. ಅದೇ ವರ್ಷ ಸ್ವೀಡನ್ನಿನ ಅರಸು ಒಂಬತ್ತನೆಯ ಚಾರ್ಲ್ಸ್ ತೀರಿಕೊಳ್ಳಲು, ಹದಿಹರೆಯದ ಮಗ ಗುಸ್ಟಾವ್ ಅಡಾಲ್ಫ್ ಪಟ್ಟಕ್ಕೆ ಬಂದನು. ಮರುವರ್ಷ ಎಲ್ವ್ಸ್‌ಬೊರ್ಗ್ ಕೋಟೆ ಡೇನರ ವಶವಾಯಿತು. ಪಶ್ಚಿಮದ ಕಡಲಿಗೆ ಸ್ವೀಡನ್ನಿಗಿದ್ದ ಬಾಗಿಲು ಅದೊಂದೇ!

1613ರ ಕ್ನೆರೆಡ್ ಒಪ್ಪಂದದಂತೆ, ಆರು ವರ್ಷಗಳೊಳಗೆ ಹತ್ತು ಲಕ್ಷ ರಿಕ್ಸ್‌ಡಾಲರ್ ಬೆಳ್ಳಿನಾಣ್ಯ ತೆತ್ತರೆ ಮಾತ್ರ ಕೋಟೆ ಮರಳಬೇಕು. ಬಡದೇಶಕ್ಕೆ ಇದು ಅಸಾಧ್ಯವೆಂದೇ ಡೇನರ ಎಣಿಕೆ. ಆದರೆ ಅರಸನಿಂದ ಹಿಡಿದು ಕೂಲಿಯಾಳಿನ ತನಕ ಎಲ್ಲರೂ ವಿಶೇಷ ತೆರಿಗೆ ಕೊಟ್ಟರು. ಅರಮನೆಯ ಬೆಳ್ಳಿಪಾತ್ರೆಗಳೂ ಕರಗಿದವು. ಫಾಲುನ್ ಗಣಿಯ ತಾಮ್ರ ಮಾರಾಟವಾಯಿತು. ಸಾಲದೆ ಬಂದುದಕ್ಕೆ ಡಚ್ಚರಿಂದ ಸಾಲ. 1619ರಲ್ಲಿ ಕಡೆಯ ಕಂತು ಸಂದಿತು, ಕೋಟೆ ಕೈಸೇರಿತು. 1621ರಲ್ಲಿ ಅದರ ಸಮೀಪದಲ್ಲಿಯೇ ಗೋಥೆನ್‌ಬರ್ಗ್ ನಗರಕ್ಕೆ ರಾಜಶಾಸನ ದೊರೆಯಿತು.

ಮುಂದೆ ಇದೇ ಗುಸ್ಟಾವ್ ಅಡಾಲ್ಫ್ ಮೂವತ್ತು ವರ್ಷಗಳ ಯುದ್ಧದಲ್ಲಿ ಯೂರೋಪನ್ನೇ ಬೆರಗುಗೊಳಿಸಿ, 1632ರಲ್ಲಿ ಲ್ಯೂಟ್ಸೆನ್ ರಣರಂಗದಲ್ಲಿ ಮಡಿದನು. ಆ ವೀರನ ಕೀರ್ತಿಯನ್ನು ನೆನೆಯುವಾಗ, ಕೋಟೆಗಾಗಿ ಬಡ ಆಳು ತೆತ್ತ ನಾಣ್ಯವನ್ನೂ ನೆನೆಯಬೇಕಲ್ಲವೆ?