ಗಡಿಯ ಮೇಲೊಂದು ಮದುವೆ: ಬಿಬಿಸಿ ಧಾರಾವಾಹಿಯ 1947, ಗಜೇಂದ್ರಗಡದ 1947

ರೋಣ: 1947ರ ಆಗಸ್ಟ್ 15ರಂದು ರೋಣ, ನರಗುಂದ, ಗಜೇಂದ್ರಗಡಗಳಿಗೆ ಸ್ವಾತಂತ್ರ್ಯ ಬಂದಿತು. ಅಂದು ಇವು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಆದರೆ ಗಜೇಂದ್ರಗಡದ ಗುಡ್ಡ ಇಳಿದು ಪೂರ್ವಕ್ಕೆ ಕೆಲವು ಮೈಲಿ ನಡೆದವನಿಗೆ ಆ ಸ್ವಾತಂತ್ರ್ಯ ಇರಲಿಲ್ಲ. ಯಲಬುರ್ಗಾ, ಕುಷ್ಟಗಿ, ಕೊಪ್ಪಳಗಳು ಹೈದರಾಬಾದ್ ನಿಜಾಮನ ಆಡಳಿತದಲ್ಲಿಯೇ ಉಳಿದಿದ್ದವು. ನರಗುಂದದಿಂದ ಉತ್ತರಕ್ಕೆ, ಮಲಪ್ರಭೆಯ ದಂಡೆಯಲ್ಲಿದ್ದ ರಾಮದುರ್ಗವೂ ಪ್ರತ್ಯೇಕ ಸಂಸ್ಥಾನವೇ. ಅದು ಮುಂಬಯಿ ಪ್ರಾಂತ್ಯದಲ್ಲಿ ವಿಲೀನಗೊಂಡದ್ದು 1948ರ ಮಾರ್ಚ್ 8ರಂದು. ಮಾತು ಒಂದೇ, ಬೆಳೆ ಒಂದೇ, ಬೀಗತನವೂ ಅತ್ತಿಂದಿತ್ತ ನಡೆದೇ ಇತ್ತು. ನಡುವೆ ಇದ್ದದ್ದು ಗಡಿಯೊಂದೇ.

ಅದೇ ವಾರ ಉತ್ತರದ ಪಂಜಾಬಿನಲ್ಲಿ ಇನ್ನೊಂದು ಗಡಿ ಹುಟ್ಟಿಕೊಂಡಿತು. ಆ ಗಡಿಯ ಮೇಲೆ ನಡೆಯುವ ಒಂದು ಮದುವೆಯನ್ನು ಕಥಾವಸ್ತುವಾಗಿ ಉಳ್ಳದ್ದು ಬ್ರಿಟನ್ನಿನ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯ ಒಂದು ಕಂತು. ‘ಡೀಮನ್ಸ್ ಆಫ್ ದ ಪಂಜಾಬ್’, ಅಂದರೆ ಪಂಜಾಬಿನ ಪಿಶಾಚಿಗಳು ಎಂಬ ಹೆಸರಿನ ಈ ಕಂತು 2018ರ ನವೆಂಬರ್ 11ರಂದು ಬಿಬಿಸಿ ವಾಹಿನಿಯಲ್ಲಿ ಪ್ರಸಾರವಾಯಿತು. ಅನ್ಯಗ್ರಹದ ಜೀವಿಗಳಿರುವ ಕಥೆಗೂ ಈ ಭಾಗದ ಎರೆಹೊಲಗಳಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಕಥೆಯನ್ನು ತಿಳಿದ ನಂತರ ಆ ಪ್ರಶ್ನೆ ಅಷ್ಟು ಸುಲಭವಾಗಿ ಉಳಿಯುವುದಿಲ್ಲ.

ಯಾರು ಈ ಡಾಕ್ಟರ್?

1963ರ ನವೆಂಬರ್ 23ರಂದು ಆರಂಭವಾದ ಈ ಧಾರಾವಾಹಿಯ ನಾಯಕ ವೈದ್ಯನಲ್ಲ. ಹೆಸರೇ ಹೇಳದ, ಕೇವಲ ‘ಡಾಕ್ಟರ್’ ಎಂದು ಕರೆಸಿಕೊಳ್ಳುವ ಬೇರೊಂದು ಗ್ರಹದ ಜೀವಿ. ಹಳೆಯ ಕಾಲದ ಬ್ರಿಟಿಷ್ ಪೊಲೀಸರ ನೀಲಿ ಪೆಟ್ಟಿಗೆಯಂತೆ ಕಾಣುವ ಯಂತ್ರದಲ್ಲಿ ಆತ ಕಾಲದ ಹಿಂದಕ್ಕೂ ಮುಂದಕ್ಕೂ ಸಂಚರಿಸುತ್ತಾನೆ. ಹೊರಗಿನಿಂದ ಒಬ್ಬರೋ ಇಬ್ಬರೋ ನಿಲ್ಲುವಷ್ಟಿರುವ ಆ ಪೆಟ್ಟಿಗೆ ಒಳಗೆ ಅರಮನೆಯಷ್ಟು ವಿಶಾಲ. ಸಾವು ಸಮೀಪಿಸಿದಾಗ ಈ ಡಾಕ್ಟರ್ ದೇಹ ಬದಲಿಸಿ ಮತ್ತೊಬ್ಬನಾಗುತ್ತಾನೆ ಎಂಬ ಉಪಾಯದಿಂದ ನಟರು ಬದಲಾದರೂ ಪಾತ್ರ ಉಳಿದುಕೊಂಡಿತು. 2018ರಲ್ಲಿ ಜೋಡಿ ವಿಟ್ಟೇಕರ್ ಈ ಪಾತ್ರದ ಸರಣಿಯನ್ನು ಮುನ್ನಡೆಸಿದ ಮೊದಲ ಮಹಿಳೆಯಾದರು. 1963ರ ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದವರು ಲಖನೌದಲ್ಲಿ ಜನಿಸಿದ ವಾರಿಸ್ ಹುಸೇನ್ ಎಂಬುದು ನಮ್ಮಲ್ಲಿ ಅಷ್ಟಾಗಿ ಪ್ರಚಾರ ಪಡೆಯದ ಸಂಗತಿ.

ನಮ್ಮ ದೂರದರ್ಶನದಲ್ಲಿಯೂ ಇಂತಹ ಪ್ರಯತ್ನಗಳು ನಡೆದಿದ್ದವು. 1989ರಲ್ಲಿ ಪ್ರಸಾರವಾದ ‘ಇಂದ್ರಧನುಷ್’ ಎಂಬ ಮಕ್ಕಳ ಧಾರಾವಾಹಿಯಲ್ಲಿ ಕಾಲಯಾನದ ಕಥೆಯಿತ್ತು, ಗಿರೀಶ ಕಾರ್ನಾಡರೂ ಅದರಲ್ಲಿ ನಟಿಸಿದ್ದರು. ಆದರೆ ಆ ಪರಂಪರೆ ನಮ್ಮಲ್ಲಿ ಬೆಳೆಯಲಿಲ್ಲ. ಬ್ರಿಟನ್ನಿನಲ್ಲಿ ಬೆಳೆಯಿತು. ಅದಕ್ಕೆ ಯುದ್ಧದ ನೆನಪೂ ಒಂದು ಕಾರಣ. ಡಾಕ್ಟರನ ಕಡುವೈರಿಗಳಾದ ‘ಡಾಲೆಕ್’ಗಳನ್ನು ಸೃಷ್ಟಿಸಿದ ಟೆರ್ರಿ ನೇಷನ್ ಅವರು ಬಾಲ್ಯದಲ್ಲಿ ಎರಡನೇ ಮಹಾಯುದ್ಧವನ್ನು ಕಂಡವರು, ಆ ಯಂತ್ರಜೀವಿಗಳಿಗೆ ಅವರು ಮಾದರಿಯಾಗಿಸಿಕೊಂಡದ್ದು ನಾಜಿಗಳನ್ನು. 2005ರ ಎರಡು ಕಂತುಗಳ ಒಂದು ಕಥೆ 1941ರ ಲಂಡನ್ನಿನಲ್ಲಿ, ಜರ್ಮನ್ ವಿಮಾನಗಳ ಬಾಂಬ್ ದಾಳಿಯ ನಡುವೆ ನಡೆಯುತ್ತದೆ. ವಿಷಾನಿಲದ ಮುಖವಾಡ ತೊಟ್ಟ ಹುಡುಗನೊಬ್ಬ ತಾಯಿಗಾಗಿ ಕೂಗುತ್ತ ಬೀದಿಗಳಲ್ಲಿ ಅಲೆಯುವ ಆ ಕಥೆಗೆ 2006ರಲ್ಲಿ ವೈಜ್ಞಾನಿಕ ಕಥಾಲೋಕದ ಹ್ಯೂಗೊ ಪ್ರಶಸ್ತಿಯೂ ಲಭಿಸಿತು. ಅಷ್ಟಾದರೂ ಆ ಯುದ್ಧಕಥೆಗಳೆಲ್ಲ ಬಹುಮಟ್ಟಿಗೆ ಬ್ರಿಟಿಷರು ಸಹಿಸಿದ, ಬ್ರಿಟಿಷರು ಗೆದ್ದ ಯುದ್ಧದ ಕಥೆಗಳು. ಬ್ರಿಟಿಷರು ಬಿಟ್ಟುಹೋದ ಗಾಯದ ಕಥೆ ಹೇಳಲು ವಿನಯ್ ಪಟೇಲ್ ಎಂಬ ನಾಟಕಕಾರ ಬರಬೇಕಾಯಿತು.

ನಿಂತುಹೋದ ಕೈಗಡಿಯಾರ

ಡಾಕ್ಟರ್ ಜೊತೆ ಪ್ರಯಾಣಿಸುವ ಯಾಸ್ಮಿನ್ ಖಾನ್ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಬೆಳೆದ ಯುವತಿ. ಅವಳ ಅಜ್ಜಿ ಉಂಬ್ರೀನ್ ತನ್ನ ಹುಟ್ಟುಹಬ್ಬದ ದಿನ ಮೊಮ್ಮಗಳಿಗೆ ಒಂದು ಒಡೆದ ಕೈಗಡಿಯಾರ ಕೊಡುತ್ತಾಳೆ. ಅದನ್ನು ಎಂದಿಗೂ ದುರಸ್ತಿ ಮಾಡಿಸಬಾರದು ಎಂಬುದು ಅವಳ ಕಟ್ಟಪ್ಪಣೆ. ಕಾರಣ ಹೇಳುವುದಿಲ್ಲ. ಕುತೂಹಲ ತಾಳಲಾರದ ಮೊಮ್ಮಗಳು ಡಾಕ್ಟರನ್ನು ಒಪ್ಪಿಸಿ, 1947ರ ಆಗಸ್ಟ್ ತಿಂಗಳ ಪಂಜಾಬಿಗೆ ಹೋಗುತ್ತಾಳೆ. ಅಲ್ಲಿ ಅವಳಿಗೆ ಕಾಣುವುದು ಮದುವೆಗೆ ಸಿದ್ಧಳಾದ ತರುಣಿ ಉಂಬ್ರೀನ್. ಆದರೆ ಮದುಮಗ ಯಾಸ್ಮಿನ್‌ಳ ಅಜ್ಜನಲ್ಲ. ಅವನು ಪ್ರೇಮ್, ಪಕ್ಕದ ಹೊಲದ ಹಿಂದೂ ರೈತ. ಬ್ರಿಟಿಷರ ಸೈನ್ಯದಲ್ಲಿ ಮಹಾಯುದ್ಧ ಕಾದು ಮರಳಿದವನು. ಅವನ ಅಣ್ಣ ಆ ಯುದ್ಧದಿಂದ ಮರಳಲಿಲ್ಲ. ತಮ್ಮ ಮನೀಷನಿಗೆ ಈ ಮದುವೆ ಬೇಡ.

ಮದುವೆ ಮಾಡಿಸಲು ಬರುತ್ತಿದ್ದ ಸಾಧು ದಾರಿಯಲ್ಲಿ ಶವವಾಗಿ ಸಿಗುತ್ತಾನೆ. ಶವದ ಬಳಿ ವಿಕಾರ ರೂಪದ ಎರಡು ಜೀವಿಗಳು ನಿಂತಿರುತ್ತವೆ. ತಿಜಾರಿಯನ್ನರೆಂಬ ಇವರು ಒಂದು ಕಾಲಕ್ಕೆ ಬ್ರಹ್ಮಾಂಡದಲ್ಲೇ ಕುಪ್ರಸಿದ್ಧರಾದ ಹಂತಕರು. ಅಣ್ಣ ಸತ್ತ ರಣರಂಗದಲ್ಲಿಯೂ ಪ್ರೇಮ್ ಇವರನ್ನೇ ಕಂಡಿದ್ದಾನೆ. ಇಂತಹ ಧಾರಾವಾಹಿಯ ರೂಢಿಯಂತೆ ಪ್ರೇಕ್ಷಕ ಇವರನ್ನೇ ಕೊಲೆಗಾರರೆಂದು ತಿಳಿಯುತ್ತಾನೆ.

ಕಥೆ ತಿರುವು ಪಡೆಯುವುದು ಇಲ್ಲಿ. ತಿಜಾರಿಯನ್ನರು ಈಗ ಹಂತಕರಲ್ಲ. ಅವರು ಹೊರಗೆ ಹೋಗಿದ್ದಾಗ ಅವರ ಗ್ರಹವೇ ನಾಶವಾಯಿತು. ತಮ್ಮವರ ಸಾವನ್ನು ಕಾಣಲು, ಅವರಿಗಾಗಿ ದುಃಖಿಸಲು ಒಬ್ಬರೂ ಅಲ್ಲಿರಲಿಲ್ಲ. ಅಂದಿನಿಂದ ಅವರು ಹಿಡಿದ ವ್ರತವೆಂದರೆ, ಯಾರೂ ಇಲ್ಲದೆ ಸಾಯುವವರ ಬಳಿ ಹೋಗಿ ನಿಲ್ಲುವುದು, ಆ ಸಾವಿಗೆ ಸಾಕ್ಷಿಯಾಗುವುದು. ಸಾಧುವನ್ನು ಕೊಂದವನು ಮನೀಷ. ಪಿಶಾಚಿಗಳೆಂದು ಕರೆಸಿಕೊಂಡವರು ಕಣ್ಣೀರಿಡಲು ಬಂದವರು; ಪಿಶಾಚಿಯ ಕೆಲಸ ಮಾಡಿದವನು ಮನೆಯ ಮಗ.

ಆಗಸ್ಟ್ 17ರಂದು ಗಡಿ ಪ್ರಕಟವಾಗುತ್ತದೆ. ಇದು ಇತಿಹಾಸಕ್ಕೆ ಸರಿಯಾದ ದಿನಾಂಕ. ಅದಕ್ಕೆ ಮುನ್ನ ಭಾರತವನ್ನೇ ನೋಡಿರದ ನ್ಯಾಯವಾದಿ ಸಿರಿಲ್ ರಾಡ್‌ಕ್ಲಿಫ್ 1947ರ ಜುಲೈ 8ರಂದು ಬಂದಿಳಿದು, ಸುಮಾರು ಐದು ವಾರಗಳಲ್ಲಿ ಪಂಜಾಬ್ ಮತ್ತು ಬಂಗಾಳಗಳನ್ನು ಸೀಳುವ ಗೆರೆ ಎಳೆದು ಮುಗಿಸಿದ್ದರು. ಸ್ವಾತಂತ್ರ್ಯದ ಸಂಭ್ರಮ ಮುಗಿದ ಎರಡು ದಿನಗಳ ನಂತರವಷ್ಟೇ ತಾವು ಯಾವ ದೇಶದವರೆಂದು ಗಡಿಯ ಜನರಿಗೆ ಅಧಿಕೃತವಾಗಿ ತಿಳಿದದ್ದು. ಕಂತಿನಲ್ಲಿ ಆ ಗೆರೆ ಪ್ರೇಮ್ ಮತ್ತು ಉಂಬ್ರೀನ್ ಕುಟುಂಬಗಳ ಹೊಲಗಳ ನಡುವೆಯೇ ಹಾಯುತ್ತದೆ. ಮದುವೆ ಆ ಗಡಿಯ ಮೇಲೆಯೇ ಆಗಬೇಕೆಂದು ಮದುಮಗಳು ಹಟ ಹಿಡಿಯುತ್ತಾಳೆ. ಸಾಧು ಇಲ್ಲದ ಕಾರಣ ಡಾಕ್ಟರೇ ನಿಂತು ಮದುವೆ ಮಾಡಿಸುತ್ತಾಳೆ. ಪ್ರೇಮನ ಗಡಿಯಾರ ಕೆಳಗೆ ಬಿದ್ದು ಅದೇ ಕ್ಷಣಕ್ಕೆ ನಿಂತುಹೋಗುತ್ತದೆ.

ಅಷ್ಟರಲ್ಲಿ ಮನೀಷ ಕರೆಸಿದ ಬಂದೂಕುಧಾರಿಗಳು ಕುದುರೆಯೇರಿ ಬರುತ್ತಾರೆ. ಪ್ರೇಮ್ ಹೆಂಡತಿಯನ್ನೂ ಅತ್ತೆಯನ್ನೂ ಓಡಿಹೋಗಲು ಬಿಟ್ಟು ತಾನೊಬ್ಬನೇ ಎದುರು ನಿಲ್ಲುತ್ತಾನೆ. ಬಂದವರಲ್ಲಿ ಒಬ್ಬ, ಸೈನ್ಯದಲ್ಲಿ ಅವನ ಜೊತೆ ಸೇವೆ ಸಲ್ಲಿಸಿದವನೇ. ಅವನ ಗುಂಡಿಗೆ ಪ್ರೇಮ್ ಬಲಿಯಾಗುತ್ತಾನೆ.

ಕಾಲಯಂತ್ರವಿದ್ದೂ ಡಾಕ್ಟರ್ ಅವನನ್ನು ಉಳಿಸುವುದಿಲ್ಲ. ಪ್ರೇಮ್ ಬದುಕಿದರೆ ಉಂಬ್ರೀನ್ ಮತ್ತೊಬ್ಬನನ್ನು ಮದುವೆಯಾಗುವುದಿಲ್ಲ. ಯಾಸ್ಮಿನ್ ಹುಟ್ಟುವುದೇ ಇಲ್ಲ. ಆದ್ದರಿಂದ ಅವರೆಲ್ಲ ಬೆನ್ನು ತಿರುಗಿಸಿ ನಡೆಯುತ್ತಾರೆ, ಹಿಂದೆ ಗುಂಡಿನ ಸದ್ದು ಕೇಳುತ್ತದೆ. ಲೋಕಗಳನ್ನೇ ರಕ್ಷಿಸುವ ನಾಯಕಿ ಒಬ್ಬ ರೈತನನ್ನು ಬಿಟ್ಟುಹೋಗುವ ಈ ದೃಶ್ಯವೇ ಕಂತಿನ ಜೀವಾಳ. ಸಾಯುವ ಪ್ರೇಮನ ಬಳಿ ಉಳಿಯುವವರು ಆ ಇಬ್ಬರು ತಿಜಾರಿಯನ್ನರು ಮಾತ್ರ.

ಕಂತು ಪ್ರಸಾರವಾದ ದಿನ ಮೊದಲ ಮಹಾಯುದ್ಧ ನಿಂತು ಸರಿಯಾಗಿ ನೂರು ವರ್ಷ. ಬ್ರಿಟನ್ ತನ್ನ ಯೋಧರನ್ನು ಸ್ಮರಿಸುವ ದಿನವದು. ಎರಡನೇ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಬ್ರಿಟಿಷ್ ಪತಾಕೆಯಡಿ ಹೋರಾಡಿದ್ದರು. ಅಂತಹ ಒಬ್ಬ ಸೈನಿಕ ತನ್ನ ಹೊಲದಲ್ಲಿಯೇ ಸತ್ತ ಕಥೆಯನ್ನು ಆ ದಿನವೇ ತೋರಿಸಿದ್ದು ಸಣ್ಣ ಮಾತಲ್ಲ. ಕಂತಿನಲ್ಲಿ ಕೊರತೆಯೂ ಇದೆ. ಪಂಜಾಬಿನಲ್ಲಿ ಹಿಂದೂ, ಮುಸ್ಲಿಂ, ಸಿಖ್ ಮೂರೂ ಕಡೆಯವರು ಕೊಂದರು, ಮೂರೂ ಕಡೆಯವರು ಸತ್ತರು. ಸತ್ತವರ ಅಂದಾಜು 2 ಲಕ್ಷದಿಂದ 10 ಲಕ್ಷ ಮೀರಿ ಹೋಗುತ್ತದೆ. ಒಂದು ಮನೆ, ಒಂದು ಗುಂಪಿನ ಕಥೆಯಲ್ಲಿ ಆ ವ್ಯಾಪ್ತಿ ಕಾಣುವುದಿಲ್ಲ. ಪರದೆಯ ಮೇಲಿನ ಪಂಜಾಬು ಕೂಡ ಪಂಜಾಬಲ್ಲ. ಚಿತ್ರೀಕರಣ ನಡೆದದ್ದು ಸ್ಪೇನ್ ದೇಶದ ಗ್ರಾನಡಾ ಪ್ರದೇಶದಲ್ಲಿ.

ಈ ಭಾಗದ ಗಡಿ

ಗಡಿ ಬದಲಾಗುವುದು ಈ ಸೀಮೆಗೆ ಹೊಸದೇನೂ ಅಲ್ಲ. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ನರಗುಂದವನ್ನು ಮುತ್ತಿ ಗೆದ್ದದ್ದು ಮರಾಠರೊಡನೆ ಯುದ್ಧಕ್ಕೆ ಕಾರಣವಾಯಿತು; ಆ ಯುದ್ಧ ಮುಗಿದದ್ದು 1787ರ ಗಜೇಂದ್ರಗಡ ಒಪ್ಪಂದದಿಂದ. ಬಾದಾಮಿ, ನರಗುಂದ, ಕಿತ್ತೂರುಗಳು ಆಗ ಮರಾಠರ ಪಾಲಾದವು. 1858ರಲ್ಲಿ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಬಂಡೆದ್ದು ಗಲ್ಲಿಗೇರಿದ ಮೇಲೆ ನರಗುಂದ ಸಂಸ್ಥಾನವೇ ಇಲ್ಲವಾಯಿತು.

ಆದರೆ ಪಂಜಾಬಿನ ಕಥೆಗೆ ಹತ್ತಿರವಾದದ್ದು 1947-48ರ ಹದಿಮೂರು ತಿಂಗಳು. ನಿಜಾಮನ ಸೀಮೆಯಲ್ಲಿ ನಾಣ್ಯ ಬೇರೆ, ಅಂಚೆ ಬೇರೆ, ಆಡಳಿತದ ಭಾಷೆ ಉರ್ದು. ಸಂತೆಗೆ ಹೋಗುವವನೂ ಸುಂಕದ ನಾಕಾ ದಾಟಬೇಕಿತ್ತು. ನಿಜಾಮನು ಭಾರತ ಒಕ್ಕೂಟಕ್ಕೆ ಸೇರಲು ಒಪ್ಪದಿದ್ದಾಗ, ಖಾಸಿಂ ರಜ್ವಿಯ ನೇತೃತ್ವದ ರಜಾಕಾರರು ಹಳ್ಳಿಗಳ ಮೇಲೆ ಬಿದ್ದರು. ಜನ ಮನೆಮಾರು ಬಿಟ್ಟು ಗಡಿಯ ಈಚೆಗೆ ಬಂದರು. ಚಳವಳಿಗಾರರು ಗಡಿಯುದ್ದಕ್ಕೂ ಶಿಬಿರಗಳನ್ನು ಸ್ಥಾಪಿಸಿ, ಅಲ್ಲಿಂದ ನಿಜಾಮನ ನಾಕಾ, ಠಾಣೆಗಳ ಮೇಲೆ ದಾಳಿ ನಡೆಸಿದರು. ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿ, ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ನಾಯಕರಾಗಿದ್ದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮ ಶರಣಾದ.

ನಾಯಕರ ಹೆಸರು ಉಳಿದಿವೆ. ಅವರಿಗೆ ರೊಟ್ಟಿ ಕಟ್ಟಿ ಕಳುಹಿಸಿದವರ, ರಾತ್ರಿ ಗಡಿ ದಾಟಿಸಿದವರ, ದಾಟುವಾಗ ಸತ್ತವರ ಹೆಸರುಗಳು ಅಷ್ಟು ಉಳಿದಿಲ್ಲ. ರಜಾಕಾರರ ಕೈಯಲ್ಲಿ ಸತ್ತವರ ಸಂಖ್ಯೆಯ ಬಗ್ಗೆ ಒಮ್ಮತವೇ ಇಲ್ಲ. ಸೈನ್ಯ ಬಂದ ಮೇಲೆ ಪ್ರತೀಕಾರಕ್ಕೆ ಬಲಿಯಾದವರು ಹೆಚ್ಚಾಗಿ ಮುಸ್ಲಿಮರು. ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ ಕಾರ್ಯಾಚರಣೆಯ ಸಮಯದಲ್ಲಿಯೂ ನಂತರವೂ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಬೀದರ, ಗುಲಬರ್ಗಾ ಜಿಲ್ಲೆಗಳು ಅತಿ ಹೆಚ್ಚು ನಲುಗಿದವುಗಳ ಸಾಲಿನಲ್ಲಿದ್ದವು. ಆ ವರದಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು 2013ರಲ್ಲಿ, ಅರವತ್ತು ವರ್ಷ ಮೀರಿದ ಮೇಲೆ. ಅಲ್ಲಿಯೂ ಕೊಂದವರಲ್ಲಿ ಅನೇಕರು ಸತ್ತವರ ನೆರೆಹೊರೆಯವರೇ. ಕಂತಿನ ಮನೀಷ ಪಂಜಾಬಿಗೆ ಮಾತ್ರ ಸೇರಿದವನಲ್ಲ.

ಹೈದರಾಬಾದ್ ಕರ್ನಾಟಕ ವಿಮೋಚನೆಯ ದಿನವನ್ನು ಸೆಪ್ಟೆಂಬರ್ 17ರಂದು ಸರ್ಕಾರಿ ಗೌರವದೊಂದಿಗೆ ಆಚರಿಸಲಾಗುತ್ತದೆ. 2019ರಿಂದ ಆ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕ. ಆದರೆ ಶಿಬಿರ ನಡೆಸಿದ ಗಜೇಂದ್ರಗಡ ಅದರೊಳಗೆ ಬರುವುದಿಲ್ಲ. ಹಳೆಯ ಗೆರೆಯ ಈಚೆಗಿದ್ದುದರಿಂದ ಅದು ಮೊದಲು ಮುಂಬಯಿ ಕರ್ನಾಟಕ, 2021ರಿಂದ ಕಿತ್ತೂರು ಕರ್ನಾಟಕ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 2012ರಲ್ಲಿ ಸಂಸತ್ತು ಅಂಗೀಕರಿಸಿದ 371(ಜೆ) ವಿಧಿಯ ಮೀಸಲಾತಿ ಯಲಬುರ್ಗಾದ ವಿದ್ಯಾರ್ಥಿಗೆ ಇದೆ, ಗಜೇಂದ್ರಗಡದ ವಿದ್ಯಾರ್ಥಿಗೆ ಇಲ್ಲ. ನಾಕಾ ಇಲ್ಲ, ಸಿಕ್ಕಾ ರೂಪಾಯಿ ಇಲ್ಲ, ಗೆರೆ ಮಾತ್ರ ಅರ್ಜಿ ನಮೂನೆಯಲ್ಲಿ ಇಂದಿಗೂ ಇದೆ.

ಆ ಕಂತಿನ ಕೊನೆಗೆ ಯಾಸ್ಮಿನ್ ಶೆಫೀಲ್ಡಿಗೆ ಮರಳುತ್ತಾಳೆ. ಗಡಿಯಾರದ ಕಥೆ ಹೇಳಲೇ ಎಂದು ಅಜ್ಜಿ ಕೇಳುತ್ತಾಳೆ. ಎಲ್ಲವನ್ನೂ ಕಣ್ಣಾರೆ ಕಂಡು ಬಂದ ಮೊಮ್ಮಗಳು, ಇನ್ನೊಮ್ಮೆ ಹೇಳುವಿಯಂತೆ ಎನ್ನುತ್ತಾಳೆ. ಇಲ್ಲಿ 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ.