ಎಣ್ಣೆ ದೀಪ ಆರದಿದ್ದರೆ: ದೋಷ ಇಂಜಿನಿನದೋ, ಸೆನ್ಸರಿನದೋ?

ಕಾಫಿ ಮೂಟೆ, ಅಡಿಕೆ ಚೀಲಗಳನ್ನು ಹೇರಿಕೊಂಡು ಘಾಟಿ ಇಳಿಯುವ ದಿನಗಳಲ್ಲಿಯೇ ವಾಹನದ ತಾಪತ್ರಯಗಳೂ ಹೆಚ್ಚು. ಅವುಗಳಲ್ಲಿ ಬೆಳೆಗಾರರನ್ನು ಬಹಳ ಗಾಬರಿಗೊಳಿಸುವುದು ಡ್ಯಾಶ್‌ಬೋರ್ಡಿನಲ್ಲಿ ಕೆಂಪಗೆ ಉರಿಯುವ ಎಣ್ಣೆ ಕ್ಯಾನಿನ ಗುರುತು. ಇದನ್ನು ಕಂಡ ಕೂಡಲೆ ಕೆಲವರು ‘ಸೆನ್ಸರ್ ಕೆಟ್ಟಿರಬೇಕು’ ಎಂದುಕೊಂಡು ಗಾಡಿ ಓಡಿಸುತ್ತಲೇ ಹೋಗುತ್ತಾರೆ. ಇನ್ನು ಕೆಲವರು ಇಂಜಿನ್ ಬಿಚ್ಚಿಸಲು ಹೊರಡುತ್ತಾರೆ. ಎರಡೂ ದುಬಾರಿಯೇ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಎಂಬ ಕ್ರಮ ಗೊತ್ತಿದ್ದರೆ ಅನಾವಶ್ಯಕ ಖರ್ಚು ತಪ್ಪುತ್ತದೆಂದು ಈ ವಿಷಯವನ್ನು ಇಲ್ಲಿ ಕೊಡುತ್ತಿದ್ದೇವೆ.

ಇಂಜಿನಿನ ಕ್ರ್ಯಾಂಕ್ ಶಾಫ್ಟು ಬೇರಿಂಗುಗಳಲ್ಲಿ ತಿರುಗುವಾಗ ಲೋಹಕ್ಕೆ ಲೋಹ ತಾಗುವುದಿಲ್ಲ. ನಡುವೆ ಎಣ್ಣೆಯ ತೆಳುಪದರ ಇರುತ್ತದೆ. ಆ ಪದರವನ್ನು ಉಳಿಸುವುದೇ ಪಂಪು ಕೊಡುವ ಒತ್ತಡ. ಒತ್ತಡ ಹೋದರೆ ಬೇರಿಂಗು ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ದೀಪ ಉರಿದರೆ ಮೊದಲ ಕೆಲಸ ಗಾಡಿ ಬದಿಗೆ ನಿಲ್ಲಿಸಿ ಇಂಜಿನ್ ಆರಿಸುವುದು. ಸಮತಟ್ಟಾದ ಜಾಗದಲ್ಲಿ ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ನೋಡಿರಿ. ತಿರುವುಗಳಲ್ಲಿ, ಕಡಿದಾದ ಏರಿನಲ್ಲಿ ಮಾತ್ರ ದೀಪ ಮಿಣುಕುತ್ತಿದ್ದರೆ ಅದು ಸಾಮಾನ್ಯವಾಗಿ ಎಣ್ಣೆ ಕಡಿಮೆಯಾದುದರ ಲಕ್ಷಣ. ಎಣ್ಣೆ ಒಂದು ಪಕ್ಕಕ್ಕೆ ಸರಿದಾಗ ಪಂಪು ಗಾಳಿ ಎಳೆಯುತ್ತದೆ. ಪಾಪ, ಸೆನ್ಸರ್ ಆಗ ಇದ್ದುದನ್ನೇ ಹೇಳುತ್ತಿರುತ್ತದೆ.

ಎಣ್ಣೆ ಸರಿಯಿದ್ದೂ ದೀಪ ಆರದಿದ್ದರೆ ವಯರಿಗೆ ಕೈ ಹಾಕುವ ಮೊದಲು ಗೇಜಿನಿಂದ ಒತ್ತಡ ಅಳೆಯಿಸಬೇಕು. ಸೆನ್ಸರನ್ನು ಬಿಚ್ಚಿ ಅದೇ ತೂತಿಗೆ ಮುಳ್ಳಿನ ಗೇಜು ಕೂರಿಸಿ, ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲೂ ವೇಗದಲ್ಲೂ ನೋಡುತ್ತಾರೆ. ಸರಿಯಾದ ಅಂಕಿ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಪ್ರತಿ 1000 ಸುತ್ತಿಗೆ 10 ಪೌಂಡ್ ಎಂಬುದು ಹಳೆಯ ಮೆಕ್ಯಾನಿಕ್‌ಗಳ ಅಂದಾಜು. ಅದು ಅಂದಾಜು ಮಾತ್ರ. ಗೇಜಿನಲ್ಲೇ ಒತ್ತಡ ಕಡಿಮೆ ಕಂಡರೆ ದೋಷ ಇಂಜಿನಿನದು. ಮುಂದಿನ ಪರೀಕ್ಷೆಗಳ ಅಗತ್ಯವೇ ಇಲ್ಲ. ಈ ಒಂದು ಪರೀಕ್ಷೆ ಮಾಡದೆ ಇಂಜಿನ್ ಬಿಚ್ಚಲು ಒಪ್ಪಬಾರದು, ಸೆನ್ಸರ್ ಬದಲಿಸಲೂ ಒಪ್ಪಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಒತ್ತಡ ಸರಿಯಿದ್ದರೆ ದೋಷ ವಿದ್ಯುತ್ತಿನ ದಾರಿಯಲ್ಲಿದೆ. ಹಳೆಯ ಜೀಪುಗಳಲ್ಲೂ ಅನೇಕ ಸಾಧಾರಣ ಕಾರುಗಳಲ್ಲೂ ಇರುವುದು ನಿಜವಾದ ಸೆನ್ಸರ್ ಅಲ್ಲ, ಒಂದೇ ವಯರಿನ ಸ್ವಿಚ್ಚು. ಅದರ ಇನ್ನೊಂದು ತುದಿ ಇಂಜಿನಿನ ಮೈಗೇ ಅರ್ತ್ ಆಗಿರುತ್ತದೆ. ಒತ್ತಡವಿಲ್ಲದಾಗ ಸ್ವಿಚ್ಚು ಕೂಡಿಕೊಂಡಿದ್ದು ದೀಪ ಉರಿಯುತ್ತದೆ. ಒತ್ತಡ ಸುಮಾರು 0.3ರಿಂದ 0.5 ಕಿಲೋ ದಾಟಿದಾಗ ಬಿಟ್ಟುಕೊಂಡು ದೀಪ ಆರುತ್ತದೆ. ಅಂದರೆ ದೀಪ ಆರಿದ ಮಾತ್ರಕ್ಕೆ ಒತ್ತಡ ಬೇಕಾದಷ್ಟಿದೆ ಎಂದರ್ಥವಲ್ಲ ಎಂಬುದನ್ನೂ ಗಮನಿಸಬೇಕು.

ಇದರ ಪರೀಕ್ಷೆ ಸುಲಭ. ಕೀಲಿ ತಿರುಗಿಸಿ, ಇಂಜಿನ್ ಚಾಲೂ ಮಾಡದೆ, ಸ್ವಿಚ್ಚಿನ ವಯರನ್ನು ಎಳೆದು ಯಾವುದಕ್ಕೂ ತಾಗದಂತೆ ಹಿಡಿಯಿರಿ. ದೀಪ ಆರಿದರೆ ವಯರು ಸರಿಯಿದೆ. ಗೇಜು ಒತ್ತಡ ತೋರಿಸಿಯೂ ದೀಪ ಆರದಿದ್ದುದು ಸ್ವಿಚ್ಚಿನ ದೋಷ. ವಯರು ಎಳೆದರೂ ದೀಪ ಉರಿಯುತ್ತಿದ್ದರೆ ಅದು ದಾರಿಯಲ್ಲೆಲ್ಲೋ ಸಿಪ್ಪೆ ಸುಲಿದು ಬಾಡಿಗೆ ತಾಗಿದೆ. ಕೀಲಿ ತಿರುಗಿಸಿದಾಗ ದೀಪ ಉರಿಯುವುದೇ ಇಲ್ಲ ಎನ್ನುವವರು ಆ ವಯರಿನ ತುದಿಯನ್ನು ಇಂಜಿನಿನ ಮೈಗೆ ಮುಟ್ಟಿಸಬೇಕು. ಆಗ ಉರಿದರೆ ಸ್ವಿಚ್ಚು ಅಥವಾ ಅದರ ಅರ್ತ್ ಕೆಟ್ಟಿದೆ; ಉರಿಯದಿದ್ದರೆ ಬಲ್ಬು, ಫ್ಯೂಸು ಇಲ್ಲವೇ ತುಂಡಾದ ವಯರು. ಉರಿಯದ ದೀಪವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಹೆಚ್ಚು ಅಪಾಯಕಾರಿ ಅದೇ.

ಹೊಸ ಗಾಡಿಗಳಲ್ಲಿ, ಅದರಲ್ಲೂ 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಬಿ.ಎಸ್. 6 ನಿಯಮದ ನಂತರದವುಗಳಲ್ಲಿ, ಸೆನ್ಸರುಗಳ ಸಂಖ್ಯೆಯೇ ಹೆಚ್ಚು. ಒತ್ತಡ ಅಳೆಯುವ ಸೆನ್ಸರುಗಳಿಗೆ ಸಾಮಾನ್ಯವಾಗಿ ಮೂರು ವಯರು: ಕಂಪ್ಯೂಟರಿನಿಂದ ಬರುವ 5 ವೋಲ್ಟ್, ಅರ್ತ್, ಮತ್ತು ಸೆನ್ಸರು ಹಿಂದಕ್ಕೆ ಕಳಿಸುವ ಸಂಕೇತ. ಒತ್ತಡವಿಲ್ಲದಾಗ ಸಂಕೇತ ಸುಮಾರು 0.5 ವೋಲ್ಟ್, ಒತ್ತಡ ಏರಿದಂತೆ 4.5ರ ತನಕ ಏರುತ್ತದೆ. ಇಲ್ಲಿ ವಯರನ್ನು ಬಾಡಿಗೆ ಮುಟ್ಟಿಸುವ ಹಳೆಯ ಪದ್ಧತಿ ಸಲ್ಲದು. ಬಲ್ಬಿನ ಟೆಸ್ಟರೂ ಬೇಡ, ಕಂಪ್ಯೂಟರ್ ಸುಟ್ಟೀತು. ಡಿಜಿಟಲ್ ಮಲ್ಟಿಮೀಟರನ್ನೇ ಬಳಸಬೇಕು.

ಗ್ಯಾರೇಜಿನ ಸ್ಕ್ಯಾನರು ಎಣ್ಣೆ ಒತ್ತಡದ ಸರ್ಕೀಟಿಗೆ ಪಿ 0520ರಿಂದ 0523ರ ತನಕ ಕೋಡುಗಳನ್ನು ತೋರಿಸುತ್ತದೆ. 0522 ಎಂದರೆ ಸಂಕೇತದ ವೋಲ್ಟೇಜು ತೀರ ಕಡಿಮೆ, 0523 ಎಂದರೆ ತೀರ ಹೆಚ್ಚು. 0521 ಬಂದರೆ ಒತ್ತಡವೇ ಕೆಟ್ಟಿರಲೂಬಹುದು. ಕೋಡು ಹೇಳುವುದು ಸರ್ಕೀಟಿನ ಹೆಸರನ್ನು, ಕೆಟ್ಟ ಸಾಮಾನಿನ ಹೆಸರನ್ನಲ್ಲ. ಇದನ್ನು ಮರೆತು ಹೊಸ ಸೆನ್ಸರ್ ಹಾಕಿ, ದೀಪ ಮತ್ತೆ ಉರಿದಾಗ ಇನ್ನೊಂದು ಹಾಕುವವರಿದ್ದಾರೆ.

ಕನೆಕ್ಟರ್ ಬಿಚ್ಚಿ ಕೀಲಿ ತಿರುಗಿಸಿದಾಗ ಒಂದು ಪಿನ್ನಿನಲ್ಲಿ 5 ವೋಲ್ಟ್ ಆಸುಪಾಸು ಬರಬೇಕು. ಬಾರದಿದ್ದರೆ ವಯರು ತುಂಡಾಗಿರಬಹುದು. ಅಥವಾ ಅದೇ 5 ವೋಲ್ಟ್ ಪಡೆಯುವ ಬೇರೊಂದು ಸೆನ್ಸರು ಶಾರ್ಟ್ ಆಗಿ ಎಲ್ಲವನ್ನೂ ಕೆಳಗೆಳೆದಿರಬಹುದು. ಅವನ್ನು ಒಂದೊಂದಾಗಿ ಬಿಚ್ಚುತ್ತ ಹೋದರೆ ಯಾವುದು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೋ ಅದೇ ಅಪರಾಧಿ. ಕನೆಕ್ಟರ್ ಮತ್ತೆ ಹಾಕಿ, ಅರ್ತ್ ಪಿನ್ನಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆದರೆ 0.1 ವೋಲ್ಟಿಗಿಂತ ಕಡಿಮೆ ಇರಬೇಕು. ಇವೆರಡೂ ಸರಿಯಿದ್ದು, ಸಂಕೇತದ ವಯರೂ ಕಂಪ್ಯೂಟರಿನ ತನಕ ತುಂಡಾಗದೆ, ಎಲ್ಲೂ ತಾಗದೆ ಇದ್ದು, ಗೇಜು ಒಂದು ಹೇಳಿ ಸಂಕೇತ ಇನ್ನೊಂದು ಹೇಳಿದರೆ ಆಗ ಮಾತ್ರ ಸೆನ್ಸರ್ ಬದಲಿಸಬೇಕು. ಅಳೆಯಲು ವಯರಿಗೆ ಪಿನ್ನು ಚುಚ್ಚಲು ಬಿಡಬೇಡಿ. ನಮ್ಮ ಮಳೆಗಾಲದಲ್ಲಿ ಆ ತೂತಿನಿಂದಲೇ ನೀರಿಳಿದು ಒಳಗಿನ ತಾಮ್ರ ಕಿಲುಬು ಹಿಡಿಯುತ್ತದೆ.

ಮಲೆನಾಡಿನಲ್ಲಿ ಮೊದಲು ಸಂಶಯಿಸಬೇಕಾದ್ದು ಇಲಿಯನ್ನು. ಶೆಡ್ಡಿನಲ್ಲಿ ನಾಲ್ಕು ದಿನ ನಿಂತ ಗಾಡಿಯ ಬೆಚ್ಚನೆಯ ಬಾನೆಟ್ಟು ಅದಕ್ಕೆ ಅರಮನೆ. ವಯರನ್ನು ಕೈಯಲ್ಲಿ ಅಲುಗಾಡಿಸುತ್ತ ಮೀಟರು ನೋಡಿದರೆ ಅರ್ಧ ತುಂಡಾದ ಜಾಗ ಸಿಗುತ್ತದೆ. ಕನೆಕ್ಟರ್ ಒಳಗೆ ಹಸಿರು ಕಿಲುಬು ಇದ್ದರೆ ಶುಚಿ ಮಾಡಬೇಕು. ಅಲ್ಲಿ ಇಂಜಿನ್ ಎಣ್ಣೆಯ ಪಸೆ ಕಂಡರೆ ಸೆನ್ಸರಿನ ಒಳಪೊರೆ ಹರಿದಿದೆ, ಬದಲಿಸಲೇಬೇಕು. ಒಂದೇ ವಯರಿನ ಸ್ವಿಚ್ಚು ಹಾಕುವಾಗ ಅದರ ಮರೆಗೆ ಟೇಪನ್ನು ದಪ್ಪಗೆ ಸುತ್ತಬಾರದು, ಅದರ ಅರ್ತ್ ಹಾದುಹೋಗುವುದು ಆ ಮರೆಯ ಮೂಲಕವೇ. ಹಾಕಿದ ಮೇಲೆ ಹತ್ತು ನಿಮಿಷ ಇಂಜಿನ್ ಓಡಿಸಿ, ಬುಡದಲ್ಲಿ ಎಣ್ಣೆ ಜಿನುಗುತ್ತಿದೆಯೇ ಎಂದು ಬೆರಳಾಡಿಸಿ ನೋಡಿಯೇ ಗ್ಯಾರೇಜಿನಿಂದ ಹೊರಡಿರಿ.